ಹಬ್ಬದೂಟಕ್ಕೆ ಪ್ರತಿನಿಧಿಯುಂಟೆ?

ಹೋದ ಯುಗಾದಿಯ ಹಿಂದಿನ ದಿನ ಸಂಜೆ, ಬಹುಕಾಲದ ಹಿಂದೆ ನನ್ನಲ್ಲಿ ಶಬ್ದರೂಪಗಳನ್ನು ಬಾಯಿಪಾಠ ಮಾಡಿದ್ದ ತರುಣನೊಬ್ಬನು ಮನೆಗೆ ಬಂದು, ಕುಶಲಪ್ರಶ್ನೆಯಾದ ಮೇಲೆ ಸ್ವಲ್ಪ ಸಂಕೋಚದಿಂದ ಒಂದು ಮಾತು ಕೇಳಿದನು: “ಅಂಗಡಿಯಿಂದ ತಂದ ಒಬ್ಬಟ್ಟನ್ನು ದೇವರಿಗೆ ನೈವೇದ್ಯವಿಟ್ಟರೆ ಹಬ್ಬ ಮಾಡಿದಂತಾಗುತ್ತದೆಯೆ, ಇಲ್ಲವೆ? ತಾವು ಒಂದು ತೀರ್ಪು ಹೇಳಬೇಕು.” ಅವನೂ ಅವನ ಹೆಂಡತಿಯೂ ಮೈಸೂರಿನಲ್ಲಿ ಉದ್ಯೋಗದಲ್ಲಿರುವವರು, ಹಬ್ಬಕ್ಕೆಂದು ಹುಣಸೂರಿನ ಮನೆಗೆ ಬಂದಿದ್ದರು. ತಾಯಿಗೆ ಮಂಡಿನೋವು, ಒಲೆಯ ಮುಂದೆ ಹೆಚ್ಚು ಹೊತ್ತು ನಿಲ್ಲಲಾರರು. ಸೊಸೆಗೆ ಹೂರಣದ ಹದ ತಿಳಿಯದು. ಆದರೂ ಕೊಂಡು ತಂದದ್ದು ಹಬ್ಬದ ಎಲೆಗೆ ಬೀಳಕೂಡದೆಂದು ತಾಯಿಯ ಹಟ. ಹಬ್ಬಕ್ಕೆ ಮೊದಲೇ ಮನೆಯಲ್ಲಿ ಕಹಿಯಾಗಿತ್ತೆಂದು ಅವನ ಮುಖವೇ ಹೇಳುತ್ತಿತ್ತು. ನಾನು “ಯೋಚಿಸಿ ಹೇಳುತ್ತೇನೆ” ಎಂದೆ. ಅವನಿಗೆ ಉತ್ತರ ಬೇಕಾಗಿದ್ದದ್ದು ಮರುದಿನದ ಮಧ್ಯಾಹ್ನದೊಳಗೆ; ಅವನು ಕೊನೆಗೆ ಏನು ಮಾಡಿದನೋ ನಾನು ಕೇಳಲಿಲ್ಲ. ಪ್ರಶ್ನೆ ಮಾತ್ರ ನನ್ನ ಬಳಿಯೇ ಉಳಿದುಬಿಟ್ಟಿತು. ಅದನ್ನು ಹಿಂಬಾಲಿಸಿ ಹೋದಾಗ ತೋರಿದ್ದನ್ನು ವಾಚಕರ ಮುಂದಿಡುತ್ತೇನೆ.

ಇಂಥ ಪ್ರಶ್ನೆಗೆ ಸುಲಭವಾದ ಎರಡು ಉತ್ತರಗಳು ಯಾವ ಜಗಲಿಯ ಮೇಲೆ ಕೂತರೂ ಸಿಕ್ಕುತ್ತವೆ. “ಕಾಲ ಕೆಟ್ಟಿತು, ಆಚಾರ ಹೋಯಿತು” ಎಂಬುದು ಒಂದು. “ತಿನ್ನುವ ಪದಾರ್ಥಕ್ಕೂ ಧರ್ಮಕ್ಕೂ ಏನು ಸಂಬಂಧ? ಅದೆಲ್ಲ ನಾಲಗೆಯ ಮಾತು” ಎಂಬುದು ಇನ್ನೊಂದು. ಎರಡನೆಯದನ್ನು ಮೊದಲು ನೋಡೋಣ. ಹಬ್ಬದ ಆಹಾರವು ಕೇವಲ ನಾಲಗೆಯ ಮಾತಾಗಿದ್ದರೆ ಚೈತ್ರದ ಮೊದಲ ದಿನ ಯಾರೂ ಬೇವಿನ ಚಿಗುರನ್ನು ಬಾಯಿಗೆ ಹಾಕಿಕೊಳ್ಳುತ್ತಿರಲಿಲ್ಲ. ಸಂಕ್ರಾಂತಿಯ ಸಂಜೆ, ಮೂರು ತಿಂಗಳಿಂದ ಮಾತು ಬಿಟ್ಟಿರುವ ನೆರೆಮನೆಗೂ ಹೊಸ ಲಂಗ ತೊಟ್ಟ ಮಗುವಿನ ಕೈಯಲ್ಲಿ ಎಳ್ಳುಬೆಲ್ಲವೂ ಕಬ್ಬಿನ ತುಂಡೂ ಹೋಗುತ್ತವೆ. ಆ ಮನೆಯವರೂ ಬೇಡವೆನ್ನುವುದಿಲ್ಲ. ಅದೇ ಎಳ್ಳು, ಅದೇ ಬೆಲ್ಲ ಇನ್ನೊಂದು ದಿನ ಹೋದರೆ ಅದಕ್ಕೆ ಆ ಶಕ್ತಿಯಿಲ್ಲ. ಆದುದರಿಂದ ಹಬ್ಬದ ತಿನಿಸಿನಲ್ಲಿ ರುಚಿಗಿಂತ ಹೆಚ್ಚಿನದೇನೋ ಇದೆಯೆಂಬುದನ್ನು, ಅದನ್ನು ಅಲ್ಲಗಳೆಯುವವರೂ ನಡೆವಳಿಯಲ್ಲಿ ಒಪ್ಪಿಯೇ ಇದ್ದಾರೆ.

ಮೊದಲನೆಯ ಉತ್ತರದ ಗತಿ ಇನ್ನೂ ಕಷ್ಟವಾದದ್ದು. ಯಾವ ಆಚಾರ ಹೋಯಿತು? ಯಾವ ಕಾಲದ್ದು? ಎಳ್ಳುಬೆಲ್ಲವನ್ನೇ ತೆಗೆದುಕೊಳ್ಳಿ. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಕಾಯಿ ಬೀಜ, ಇವು ಐದೂ ಇಲ್ಲದೆ ನಮಗೆ ಸಂಕ್ರಾಂತಿಯಿಲ್ಲ. ಆದರೆ ಕಡಲೆಕಾಯಿ ದಕ್ಷಿಣ ಅಮೆರಿಕಾ ಖಂಡದ ಗಿಡ; ಯೂರೋಪಿನ ಹಡಗುಗಳು ಸಮುದ್ರಮಾರ್ಗಗಳನ್ನು ಕಂಡುಹಿಡಿದ ಮೇಲೆ ಇತ್ತ ಬಂದದ್ದು. ಒಣಮೆಣಸಿನಕಾಯಿಯೂ ಹಾಗೆಯೇ. ಒಬ್ಬಟ್ಟಿನ ಸಾರಿನ ಪ್ರಾಣವೇ ಆದ ಈ ಖಾರವನ್ನು ನಮ್ಮ ಪೂರ್ವಿಕರು 1498ಕ್ಕೆ ಮುಂಚೆ ಕಂಡವರಲ್ಲ.

ಇದಕ್ಕೆ ನಮ್ಮ ಸೀಮೆಯಲ್ಲಿಯೇ ಒಳ್ಳೆಯ ಸಾಕ್ಷಿಯುಂಟು. ಚಂಗಾಳ್ವರ ಕಾಲದಲ್ಲಿ ಇಲ್ಲಿಯ ಕಲ್ಲಹಳ್ಳಿಯ ಪ್ರಭುವಾಗಿದ್ದ ಮೂರನೆಯ ಮಂಗರಸನು, 16ನೆಯ ಶತಮಾನದ ಆದಿಭಾಗದಲ್ಲಿ, ‘ಸೂಪಶಾಸ್ತ್ರ’ವೆಂಬ ಗ್ರಂಥವನ್ನು ಷಟ್ಪದಿಯಲ್ಲಿ ಬರೆದಿದ್ದಾನೆ. ಅಡುಗೆಯನ್ನು ಕಾವ್ಯದ ಛಂದಸ್ಸಿನಲ್ಲಿ ಹೇಳುವುದು ತನ್ನ ಘನತೆಗೆ ಕಡಿಮೆಯೆಂದು ಆ ಜೈನ ಪ್ರಭುವಿಗೆ ತೋರಲಿಲ್ಲ. ಹಿಟ್ಟಿನ ಭಕ್ಷ್ಯಗಳು, ಪಾನಕಗಳು, ಅನ್ನದ ಬಗೆಗಳು, ಬದನೆ, ಬಾಳೆ, ಹಲಸುಗಳ ಪಾಕಗಳು ಅದರಲ್ಲಿ ಸಾಲುಸಾಲಾಗಿ ಬರುತ್ತವೆ. ಒಣಮೆಣಸಿನಕಾಯಿ ಮಾತ್ರ ಇಲ್ಲ. ಮಂಗರಸನು ಇಂದು ನಮ್ಮ ಹಬ್ಬದ ಪಂಕ್ತಿಯಲ್ಲಿ ಬಂದು ಕುಳಿತರೆ ಸಾರನ್ನು ಸುರಿದ ಕೂಡಲೇ ಕಣ್ಣೀರು ಹಾಕುವನು. ಅದು ಭಕ್ತಿಯಿಂದ ಬಂದ ಕಣ್ಣೀರಲ್ಲ! ಹಳೆಯ ಅಡುಗೆಯ ನೆನಪು ನಮ್ಮಂಥವರ ಮನೆಗಳಲ್ಲಿ ಉಳಿದಿರುವುದು ಒಂದೇ ಕಡೆ, ಶ್ರಾದ್ಧದ ದಿನ. ಅಂದು ಮೆಣಸಿನಕಾಯಿಯಿಲ್ಲ, ಕರಿಮೆಣಸು. ಆಲೂಗೆಡ್ಡೆಯಿಲ್ಲ, ಕೋಸಿಲ್ಲ, ಟೊಮ್ಯಾಟೊ ಇಲ್ಲ. ಶಾಸ್ತ್ರದಲ್ಲಿ ಇವುಗಳ ನಿಷೇಧವನ್ನು ಹುಡುಕುವ ಶ್ರಮವೇ ಬೇಡ. ಶಾಸ್ತ್ರಕಾರರಿಗೆ ಇವುಗಳ ಹೆಸರೇ ತಿಳಿದಿರಲಿಲ್ಲ. ದೇವತೆಗಳು ಹೊಸ ರುಚಿಗೆ ಒಪ್ಪಿಕೊಂಡರೂ ಪಿತೃಗಳು ಒಪ್ಪಲಿಲ್ಲವೆಂದು ತೋರುತ್ತದೆ.

ರಾಗಿಯ ಮಾತೂ ಸ್ವಲ್ಪ ಇದೇ. ಕನಕದಾಸರು ‘ರಾಮಧಾನ್ಯಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ನ್ಯಾಯ ಹೂಡಿಸಿ, ಶ್ರೀರಾಮನಿಂದ ರಾಗಿಯ ಕಡೆಗೆ ತೀರ್ಪು ಕೊಡಿಸಿದರು. ನಮ್ಮ ನೆಲದ ಧಾನ್ಯವೆಂದು ನಾವು ಎದೆ ತಟ್ಟಿಕೊಳ್ಳುವ ಆ ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ಸೀಮೆಯೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಅದು ಬಂದು ಸಾವಿರಾರು ವರ್ಷಗಳಾದುವು, ನಿಜ. ಹಾಗಾದರೆ ಹೊರಗಿನದು ನಮ್ಮದಾಗುವುದಕ್ಕೆ ಎಷ್ಟು ವರ್ಷ ಬೇಕು? ಸಾವಿರವೋ, ಮುನ್ನೂರೋ? ಮೈಸೂರುಪಾಕಿಗೆ ಒಂದು ಶತಮಾನವೇ ಸಾಕಾಯಿತಲ್ಲವೆ? ವರ್ಷಗಳ ಲೆಕ್ಕದಿಂದ ಆಚಾರವನ್ನು ಕಾಪಾಡಹೊರಟವನು ಎಲ್ಲಿಯೂ ನಿಲ್ಲಲಾರನು.

ಆದರೆ ಇಷ್ಟರಿಂದಲೇ ಎಲ್ಲವೂ ಯದೃಚ್ಛೆ, ಯಾವುದರ ಬದಲಿಗೆ ಯಾವುದಾದರೂ ಆದೀತೆಂದು ಹೇಳುವುದೂ ಆತುರ. ಬದಲಾವಣೆ ಉಂಟೆಂಬುದು ಬೇರೆ, ಬದಲಾವಣೆಗೆ ನಿಯಮವಿಲ್ಲವೆಂಬುದು ಬೇರೆ. ಪಾಠಶಾಲೆಯಲ್ಲಿ ನಾವು ಬಾಲಕರಾಗಿದ್ದಾಗ ಅರ್ಧ ನಿದ್ದೆಯಲ್ಲಿ ಕೇಳುತ್ತಿದ್ದ ಮೀಮಾಂಸೆಯ ಪಾಠವೊಂದು ಈ ವಯಸ್ಸಿನಲ್ಲಿ ನೆರವಿಗೆ ಬಂತು. ಜೈಮಿನಿಯ ಆರನೆಯ ಅಧ್ಯಾಯದಲ್ಲಿ ಪ್ರತಿನಿಧಿಯ ವಿಚಾರವಿದೆ. ಯಾಗಕ್ಕೆ ವ್ರೀಹಿಯನ್ನು ವಿಧಿಸಿದೆ; ವ್ರೀಹಿ ದೊರೆಯಲಿಲ್ಲ; ಆಗ ಯಾಗವನ್ನು ಬಿಡಬೇಕೋ, ಬೇರೊಂದು ದ್ರವ್ಯದಿಂದ ಮಾಡಬೇಕೋ? ನಿತ್ಯಕರ್ಮವನ್ನು ಬಿಡಕೂಡದು, ಬೇರೆಯದರಿಂದ ಮಾಡಬೇಕೆಂದು ಸಿದ್ಧಾಂತ. ಆ ಬೇರೆಯದು ಯಾವುದಾದರೂ ಆಗಬಹುದೆ? ಆಗದು. ಮೂಲದ್ರವ್ಯಕ್ಕೆ ಅತ್ಯಂತ ಸಮೀಪವಾದದ್ದಾಗಬೇಕು. ವ್ರೀಹಿಗೆ ನೀವಾರ, ಎಂದರೆ ತಾನಾಗಿ ಬೆಳೆಯುವ ಕಾಡುಭತ್ತ. ನಿಷಿದ್ಧವಾದದ್ದು ಎಷ್ಟೇ ಹೋಲಲಿ, ಬರಕೂಡದು. ಹೆಸರಿಗೆ ಉದ್ದು ಪ್ರತಿನಿಧಿಯಲ್ಲ. ಇನ್ನೂ ಮುಂದೆ ಹೋಗಿ, ಕೆಲವಕ್ಕೆ ಪ್ರತಿನಿಧಿಯೇ ಇಲ್ಲವೆನ್ನುತ್ತಾರೆ: ದೇವತೆಗೆ ಇಲ್ಲ, ಅಗ್ನಿಗೆ ಇಲ್ಲ, ಮಂತ್ರಕ್ಕೆ ಇಲ್ಲ, ಕ್ರಿಯೆಗೆ ಇಲ್ಲ, ಯಾರ ಯಾಗವೋ ಆ ಸ್ವಾಮಿಗೆ, ಎಂದರೆ ಯಜಮಾನನಿಗೂ, ಇಲ್ಲ.

ಎಷ್ಟು ವಿವೇಕದ ವಿಭಾಗ! ಪದಾರ್ಥ ಬದಲಾಗಬಹುದು, ಮಾಡುವವನು ಬದಲಾಗಕೂಡದು. ನಮ್ಮ ನಾಲ್ಕು ತಾಲ್ಲೂಕುಗಳ ಹಬ್ಬಗಳನ್ನು ಈ ಬೆಳಕಿನಲ್ಲಿ ನೋಡಬಹುದು.

ನೆಲಕ್ಕೆ ತಕ್ಕ ಹಬ್ಬ, ಹಬ್ಬಕ್ಕೆ ತಕ್ಕ ಅಡುಗೆ. ಕೃಷ್ಣರಾಜನಗರದ ಕಡೆ ಕಾವೇರಿಯ ನಾಲೆಗಳು ಹರಿದು ಭತ್ತದ ಸೀಮೆಯಾಯಿತು. ಅಲ್ಲಿ ಹುಗ್ಗಿ, ಕಡುಬು, ಪಾಯಸಗಳಿಗೆ ಅಕ್ಕಿಯನ್ನು ಅಳೆದು ನೋಡುವವರಿಲ್ಲ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಬೆದ್ದಲು ಹೊಲಗಳಲ್ಲಿ ರಾಗಿ, ಅದರ ನಡುನಡುವೆ ಅಕ್ಕಡಿ ಸಾಲುಗಳಲ್ಲಿ ಅವರೆ, ಹುಚ್ಚೆಳ್ಳು, ಜೋಳ. ಮಾಗಿಯ ಮಂಜು ಬಿದ್ದು ಅವರೆಗೆ ಸೊಗಡು ಕೂಡಿದಾಗ ಚುಂಚನಕಟ್ಟೆಯ ದನಗಳ ಜಾತ್ರೆ, ಸಂಕ್ರಾಂತಿ, ಕಿಚ್ಚು ಹಾಯಿಸುವುದು. ಆ ದಿನಗಳಲ್ಲಿ ಹಿತಕಿದ ಅವರೆಬೇಳೆಯ ಸಾರಿನ ವಾಸನೆಯಿಲ್ಲದ ಬೀದಿಯಿರಲಿಲ್ಲ. ಯುಗಾದಿಗೆ ಒಬ್ಬಟ್ಟು, ಮರುದಿನ ವರ್ಷದ ತೊಡಕು. ಮಾಂಸಾಹಾರಿಗಳ ಮನೆಗಳಲ್ಲಿ ಸಿಹಿಯ ಹಬ್ಬಕ್ಕಿಂತ ತೊಡಕೇ ದೊಡ್ಡದು. ರಾಮನವಮಿಗೆ ಪಾನಕ, ಕೋಸಂಬರಿ; ನಾಗರಪಂಚಮಿಗೆ ತಂಬಿಟ್ಟು, ಚಿಗಳಿ; ಗೌರಿಗೆ ಕಡುಬು. ಪಿರಿಯಾಪಟ್ಟಣದಾಚೆ ಕೊಡಗಿನ ಗಡಿ ದಾಟಿದರೆ ಕಕ್ಕಡ ತಿಂಗಳ ಹದಿನೆಂಟರಂದು ಮದ್ದುಸೊಪ್ಪಿನ ನೇರಳೆ ಬಣ್ಣದ ಪಾಯಸ. ಇದನ್ನೆಲ್ಲ ಪಟ್ಟಿ ಮಾಡುತ್ತ ಹೋದರೆ ಮುಗಿಯದು. ಬಾಯಲ್ಲಿ ನೀರೂರುವುದು ಬೇರೆ.

ಈ ಪಟ್ಟಿಯ ಹಿಂದೆ ಒಂದು ಹೊಲವುಂಟೆಂಬುದನ್ನು ಹಬ್ಬದ ವಿಷಯ ಬರೆಯುವವರು ಮರೆಯುತ್ತಾರೆ. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಈಗ ಮುಂಗಾರಿನ ನೆಲವೆಷ್ಟೋ ಹೊಗೆಸೊಪ್ಪಿಗೆ ಮೀಸಲು. ಹೊಗೆಸೊಪ್ಪಿನ ಹೊಲದಲ್ಲಿ ಅಕ್ಕಡಿ ಸಾಲಿಲ್ಲ. ಸಾಲಿಲ್ಲದ ಮೇಲೆ ಮನೆಯ ಅವರೆಯಿಲ್ಲ, ಹುಚ್ಚೆಳ್ಳಿನ ಚಟ್ನಿಪುಡಿಯಿಲ್ಲ. ಸೊಪ್ಪು ಬೆಳೆದ ರೈತನು ಸಂಕ್ರಾಂತಿಗೆ ಅವರೆಕಾಯಿಯನ್ನು ಸಂತೆಯಲ್ಲಿ ಕೊಳ್ಳುತ್ತಾನೆ. ಅವನನ್ನು ಆಚಾರಭ್ರಷ್ಟನೆನ್ನಲು ನನಗೆ ಬಾಯಿಲ್ಲ. ಮಗಳ ಮದುವೆ, ಮಗನ ಓದು ಆ ಸೊಪ್ಪಿನಿಂದ ನಡೆದಿವೆ. ಆದರೆ ಹಬ್ಬದ ಅಡುಗೆ ಒಲೆಯ ಮೇಲೆ ಕೆಡುವುದಕ್ಕೆ ಬಹಳ ಮೊದಲೇ ಹೊಲದಲ್ಲಿ ಕೆಟ್ಟಿರುತ್ತದೆಂಬುದನ್ನು ಹೇಳದೆ, ಸೊಸೆಯಂದಿರನ್ನು ಮಾತ್ರ ಬೈಯುವುದು ನ್ಯಾಯವಲ್ಲ.

ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗಳಲ್ಲಿ ನಷ್ಟ ಇನ್ನೂ ಆಳವಾದದ್ದು. ಜೇನುಕುರುಬರಿಗೆ ಜೇನು, ಕಾಡುಗೆಣಸು, ಮಳೆಗಾಲದ ಕಳಲೆ, ಸೊಪ್ಪುಗಳು ಆಹಾರವೂ ಹೌದು, ದೇವರ ಎಡೆಯೂ ಹೌದು. ನಾಗರಹೊಳೆಯ ಕಾಡು ರಾಷ್ಟ್ರೀಯ ಉದ್ಯಾನವಾದ ಮೇಲೆ, 1990ರ ದಶಕದ ಕೊನೆಯಿಂದ, ಅನೇಕ ಕುಟುಂಬಗಳು ಹುಣಸೂರು ತಾಲ್ಲೂಕಿನ ನಾಗಾಪುರದಂಥ ಕಡೆಗಳಿಗೆ ಬಂದುವು. ಮನೆಯೂ ಭೂಮಿಯೂ ದೊರೆತುವು. ನ್ಯಾಯಬೆಲೆಯ ಅಂಗಡಿಯ ಅಕ್ಕಿ ದೊರೆಯಿತು. ಗೆಣಸು ಅಗೆಯುವ ಕಾಡು ದೂರವಾಯಿತು. ಅರಣ್ಯಹಕ್ಕುಗಳ ಶಾಸನ 2006ರಲ್ಲಿ ಆಯಿತು, ಆದರೂ ಶಾಸನದಲ್ಲಿರುವ ಹಕ್ಕಿಗೂ ಕೈಯಲ್ಲಿರುವ ಗುದ್ದಲಿಗೂ ನಡುವಿನ ದಾರಿ ಸಣ್ಣದಲ್ಲ. ಇವರ ವಿಷಯದಲ್ಲಿ ಪ್ರತಿನಿಧಿಯ ನ್ಯಾಯವನ್ನು ಹೇಳುವುದಕ್ಕೂ ನನಗೆ ಧೈರ್ಯ ಸಾಲದು. ದ್ರವ್ಯವು ದೊರೆಯದಿದ್ದಾಗ ಬೇರೆಯದನ್ನು ತರುವುದು ಒಂದು. ಇದ್ದ ದ್ರವ್ಯವನ್ನು ಬೇರೆಯವರು ಕೈಯಿಂದ ಬಿಡಿಸಿದಾಗ ‘ಪ್ರತಿನಿಧಿ ತಂದುಕೊಳ್ಳಿ’ ಎನ್ನುವುದು ಇನ್ನೊಂದು. ಜೈಮಿನಿಯ ಸೂತ್ರದಲ್ಲಿ ಮೊದಲನೆಯದಕ್ಕೆ ಮಾತ್ರ ಉತ್ತರವಿದೆ.

ನೆಲವನ್ನೇ ಕಳೆದುಕೊಂಡವರು ಅಡುಗೆಯನ್ನು ಹೇಗೆ ಉಳಿಸಿಕೊಳ್ಳುತ್ತಾರೆಂಬುದಕ್ಕೆ ಇನ್ನೊಂದು ನಿದರ್ಶನವೂ ಹತ್ತಿರದಲ್ಲಿಯೇ ಇದೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ 1960ರ ದಶಕದ ಆದಿಯಲ್ಲಿ ಟಿಬೆಟ್ಟಿನ ನಿರಾಶ್ರಿತರು ಬಂದರು. ಹಿಮದ ನಾಡಿನಲ್ಲಿ ಬಾರ್ಲಿಯ ಹುರಿಹಿಟ್ಟನ್ನು ಉಣ್ಣುತ್ತಿದ್ದವರು ಇಲ್ಲಿಯ ಕೆಂಪು ಮಣ್ಣಿನಲ್ಲಿ ಮುಸುಕಿನ ಜೋಳ ಬೆಳೆಯಲು ಕಲಿತರು. ಹೆಚ್ಚು ಕಡಿಮೆ ಎಲ್ಲ ದ್ರವ್ಯವೂ ಬದಲಾಯಿತು. ಆದರೂ ಅವರ ವರ್ಷದ ಕೊನೆಯ ತಿಂಗಳ ಇಪ್ಪತ್ತೊಂಬತ್ತನೆಯ ಸಂಜೆ ‘ಗುತುಕ್’ ಎಂಬ, ಒಂಬತ್ತು ಪದಾರ್ಥಗಳ ಗಂಜಿಯಂಥ ಸಾರನ್ನು ಮಾಡುತ್ತಾರೆ. ಅದರಲ್ಲಿ ಹಿಟ್ಟಿನ ಉಂಡೆಗಳೊಳಗೆ ಏನಾದರೂ ಬಚ್ಚಿಟ್ಟಿರುತ್ತಾರೆ. ಮೆಣಸಿನಕಾಯಿ ಸಿಕ್ಕಿದವನು ವಾಚಾಳಿ, ಇದ್ದಲು ಸಿಕ್ಕಿದವನ ಹೃದಯ ಕಪ್ಪು, ಎಲ್ಲರೂ ನಗುತ್ತಾರೆ. ಆ ನಗುವಿಗೆ ಪ್ರತಿನಿಧಿ ಬೇಕಾಗಲಿಲ್ಲ. ಅದನ್ನು ಮಾತ್ರ ಅವರು ಹೊತ್ತು ತಂದಿದ್ದರು.

ಇನ್ನು ಕರ್ತೃವಿನ ವಿಷಯ. ತರುಣನ ಪ್ರಶ್ನೆಯ ಗಂಟು ಇರುವುದು ಇಲ್ಲಿ. ಕೊಂಡು ತಂದ ಒಬ್ಬಟ್ಟು ದ್ರವ್ಯದ ಪ್ರತಿನಿಧಿಯೋ, ಕರ್ತೃವಿನ ಪ್ರತಿನಿಧಿಯೋ? ಮೊದಲು ನನಗೆ, ಇದು ಎರಡನೆಯದೇ, ಆದುದರಿಂದ ಸಲ್ಲದು ಎಂದು ತೋರಿತು. ತಾಯಿಯ ಪಕ್ಷ ಗೆದ್ದಿತೆಂದುಕೊಂಡೆ. ಆದರೆ ಮತ್ತೊಮ್ಮೆ ಯೋಚಿಸಲಾಗಿ ಹಾಗಿಲ್ಲವೆಂದು ಕಂಡಿತು. ಯಾಗದಲ್ಲಿ ಕಲ್ಲು ತಿರುವುವವರು, ಪುರೋಡಾಶ ಬೇಯಿಸುವವರು, ಆಹುತಿ ಹಾಕುವವರು ಯಜಮಾನರಲ್ಲ. ಅವರು ಋತ್ವಿಜರು, ದಕ್ಷಿಣೆ ಪಡೆದು ಮಾಡುವವರು. ಕೂಲಿ ಕೊಟ್ಟು ಮಾಡಿಸಿದ್ದರಿಂದ ಯಾಗ ಕೆಡುವುದಿಲ್ಲ. ಯಜಮಾನನು ತಾನೇ ಮಾಡಬೇಕಾದದ್ದು ತ್ಯಾಗ. ಇದು ನನ್ನದಲ್ಲವೆಂದು ಬಿಟ್ಟುಕೊಡುವುದು. ಹಾಗಾದರೆ ಒಬ್ಬಟ್ಟನ್ನು ತಟ್ಟಿದ ಕೈ ಯಾರದಾದರೇನು? ಕೊಡುವ ಕೈ ನಮ್ಮದಾದರೆ ಸಾಕು. ಸೊಸೆಯ ಪಕ್ಷವೂ ಗೆದ್ದಿತು.

ಆದರೆ ಅದೇ ಅಧ್ಯಾಯದಲ್ಲಿ ಮೊದಲೇ ಬರುವ ಇನ್ನೊಂದು ಅಧಿಕರಣವನ್ನು ಆಗ ನಾನು ಮರೆತಿದ್ದೆ. ಯಾಗದ ಸ್ವಾಮಿ ಯಾರು? ಗಂಡನೊಬ್ಬನೇ ಅಲ್ಲ, ದಂಪತಿಗಳಿಬ್ಬರೂ ಕೂಡಿ. ಪತ್ನಿಯು ಆಜ್ಯವನ್ನು ಕಣ್ಣಿನಿಂದ ನೋಡದೆ ಅದು ಆಹುತಿಗೆ ಯೋಗ್ಯವಾಗದು. ಆಕೆ ಅಲ್ಲಿ ದಕ್ಷಿಣೆ ಪಡೆಯುವ ಪಂಗಡದವಳಲ್ಲ, ತ್ಯಾಗ ಮಾಡುವ ಪಂಗಡದವಳು. ನಮ್ಮ ಹಬ್ಬಗಳಲ್ಲಿ ನಾವು ಏನು ಮಾಡಿದೆವು? ಸ್ವಾಮಿನಿಯನ್ನು ಋತ್ವಿಜೆಯನ್ನಾಗಿ ಮಾಡಿದೆವು, ಅದೂ ದಕ್ಷಿಣೆಯಿಲ್ಲದೆ. ಮಡಿಯುಟ್ಟು ಬೆಳಗಿನ ಜಾವ ಬೇಳೆ ಬೇಯಲಿಟ್ಟವಳು ಎಲ್ಲರ ಎಲೆಗಳೂ ಎದ್ದ ಮೇಲೆ, ತಣ್ಣಗಾದದ್ದನ್ನು, ಮಿಕ್ಕದ್ದನ್ನು ತಿಂದಳು. ನಾವು ತಾಂಬೂಲ ಹಾಕಿಕೊಂಡು ‘ಆಚಾರ ಉಳಿಯಿತು’ ಎಂದೆವು. ಉಳಿದದ್ದು ಯಾರ ಬೆನ್ನಿನ ಮೇಲೆ ಎಂದು ಕೇಳಲಿಲ್ಲ.

‘ನಾವು’ ಎಂದು ಬರೆದೆ. ‘ನಾನು’ ಎಂದು ಬರೆಯಬೇಕಾಗಿತ್ತು. ಹಲವು ವರ್ಷಗಳ ಹಿಂದೆ ಒಂದು ಯುಗಾದಿಗೆ ನನ್ನ ಮನೆಯಾಕೆಗೆ ಎರಡು ದಿನದ ಜ್ವರ. ಬೀದಿಯ ತುದಿಯಲ್ಲಿ ಒಳ್ಳೆಯ ಕೈಯ ಒಬ್ಬ ತಾಯಿ ಹಬ್ಬಕ್ಕೆ ಒಬ್ಬಟ್ಟು ಮಾಡಿಕೊಡುತ್ತಿದ್ದರು. “ಅವರಲ್ಲಿ ಹೇಳಲೆ?” ಎಂದು ಆಕೆ ಕೇಳಿದಳು. ನಾನು ಗದರಲಿಲ್ಲ; ಗದರುವ ಸ್ವಭಾವ ನನ್ನದಲ್ಲ. “ಕೊಂಡದ್ದು ನೈವೇದ್ಯಕ್ಕೆ ಬರುವುದಿಲ್ಲವಲ್ಲ” ಎಂದು ಶಾಂತವಾಗಿ, ಪಾಠ ಹೇಳುವ ಧ್ವನಿಯಲ್ಲಿ ಹೇಳಿದೆ. ಆಕೆ ಎದ್ದು ಹೋಗಿ ಬೇಳೆ ತೊಳೆದಳು. ಆ ದಿನ ಒಬ್ಬಟ್ಟು ಎಂದಿನಂತೆ ಚೆನ್ನಾಗಿತ್ತು. ಎರಡು ಹೆಚ್ಚಾಗಿಯೇ ತಿಂದೆ. ಶಾಸ್ತ್ರದಲ್ಲಿ ನನ್ನ ಮಾತಿಗೆ ಆಧಾರವಿತ್ತೇ ಎಂದು ಅಂದು ನಾನು ನೋಡಿರಲಿಲ್ಲ. ಈಗ ನೋಡಿದ್ದೇನೆ.

ಆಕೆ ತೀರಿಕೊಂಡು ನಾಲ್ಕು ವರ್ಷವಾಯಿತು. ಹೋದ ವರ್ಷ ಮಹಾಲಯ ಅಮಾವಾಸ್ಯೆಯ ದಿನ, ನಮ್ಮ ತೋಟವನ್ನು ನೋಡಿಕೊಳ್ಳುವ ಮುದುಕನ ಮನೆಗೆ ಯಾವುದೋ ಕೆಲಸಕ್ಕೆ ಹೋಗಿದ್ದೆ. ಅವನು ಗೋಡೆಯ ಬಳಿ ಬಾಳೆಲೆ ಹಾಕಿ ಹಿರಿಯರಿಗೆ ಎಡೆ ಇಡುತ್ತಿದ್ದನು. ನಮ್ಮ ಹಳ್ಳಿಗಳ ಪದ್ಧತಿ ವಾಚಕರಿಗೆ ತಿಳಿದದ್ದೇ: ಸತ್ತವರಿಗೆ ಬದುಕಿದ್ದಾಗ ಯಾವುದು ಪ್ರಿಯವೋ ಅದನ್ನು ಇಡುತ್ತಾರೆ, ಮಾಂಸವಾಗಲಿ, ಮುದ್ದೆಯಾಗಲಿ, ಬೀಡಿಯಾಗಲಿ. ಪಾಠಶಾಲೆಯಿಂದ ಬಂದ ಹೊಸತರಲ್ಲಿ ಇದನ್ನು ನಾನು ಅಜ್ಞಾನವೆಂದೇ ತಿಳಿದಿದ್ದೆ. ಮುದುಕನು ಒಂದೊಂದನ್ನೂ ತೋರಿಸಿ ಹೇಳಿದನು: ಇದು ಅಪ್ಪನಿಗೆ, ಉಪ್ಪುಸಾರಿನ ಖಾರ ಬಹಳ ಬೇಕಿತ್ತು, ಇದು ಅವ್ವನಿಗೆ, ಸುಟ್ಟ ಒಣಮೀನು, ಇದು ತಮ್ಮನಿಗೆ, ಪೇಟೆಯ ಮಿಕ್ಸ್ಚರು. ಆಮೇಲೆ ತಲೆಯೆತ್ತಿ ಸಹಜವಾಗಿ ಕೇಳಿದನು: “ಅಮ್ಮಾವ್ರಿಗೆ ಏನಂದ್ರೆ ಇಷ್ಟವಾಗಿತ್ತು ಬುದ್ಧಿ?”

ನನಗೆ ಉತ್ತರ ಹೊಳೆಯಲಿಲ್ಲ. ನನಗೆ ಏನು ಪ್ರಿಯವೆಂಬುದು ಆಕೆಗೆ ತಿಳಿದಿತ್ತು. ಮಕ್ಕಳಿಗೆ, ನನ್ನ ತಾಯಿಗೆ, ಮನೆಗೆ ಬರುತ್ತಿದ್ದ ಅಭ್ಯಾಗತರಿಗೆ ಏನೇನೆಂಬುದು ತಿಳಿದಿತ್ತು. ಮೂವತ್ತೆಂಟು ವರ್ಷ ಆಕೆ ಬಡಿಸಿದ್ದನ್ನು ಉಂಡಿದ್ದೇನೆ. ಆಕೆ ಉಣ್ಣುವುದನ್ನು ಕುಳಿತು ನೋಡಿದ ನೆನಪಿಲ್ಲ. ಪ್ರತಿವರ್ಷವೂ ಕ್ರಮ ತಪ್ಪದೆ ಆಕೆಯ ಶ್ರಾದ್ಧ ನಡೆದಿದೆ. ಕರಿಮೆಣಸು, ಎಳ್ಳು, ಉದ್ದಿನ ವಡೆ, ಬಾಳೆಕಾಯಿ ಎಲ್ಲವೂ ಇದ್ದುವು, ಯಾವುದೂ ಲೋಪವಾಗಿರಲಿಲ್ಲ.

ಅಂದು ರಾತ್ರಿ ಮಗಳಿಗೆ ಟೆಲಿಫೋನು ಮಾಡಿ ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: “ಹಬ್ಬದ ಮಾರನೆಯ ದಿನ, ಹಿಂದಿನ ದಿನದ ಒಬ್ಬಟ್ಟಿನ ಸಾರನ್ನು ಕುದಿಸಿ ಇಂಗಿಸಿ, ಅದರ ತಳದ ಗಸಿಯಲ್ಲಿ ಬಿಸಿ ಮುದ್ದೆ. ಹಿತ್ತಲ ಬಾಗಿಲಲ್ಲಿ ಕೂತು ಉಣ್ಣುತ್ತಿದ್ದಳು. ನಿಮಗೆ ಮುದ್ದೆ ಸೇರುವುದಿಲ್ಲವೆಂದು ನೀವು ಸ್ಕೂಲಿಗೆ ಹೋದ ಮೇಲೆ ಮಾಡಿಕೊಳ್ಳುತ್ತಿದ್ದಳು.” ಆಕೆಯ ತವರು ಹೆಗ್ಗಡದೇವನಕೋಟೆಯ ಕಡೆಯದು. ರಾಗಿಯ ಸೀಮೆ. ಅದು ನನಗೆ ತಿಳಿದೇ ಇತ್ತು. ತಿಳಿದದ್ದನ್ನು ಎಂದೂ ಯೋಚಿಸಿರಲಿಲ್ಲ, ಅಷ್ಟೇ.

ತರುಣನಿಗೆ ನಾನು ಈಗ ಹೇಳಬಲ್ಲದ್ದು ಇಷ್ಟು. ಒಬ್ಬಟ್ಟನ್ನು ಕೊಂಡು ತರಬಹುದು, ದೋಷವಿಲ್ಲ. ಆದರೆ ತಾಯಿಯ ಹಟದಲ್ಲಿಯೂ ಸತ್ಯವುಂಟು; ಆಕೆಯ ಕೈಯಲ್ಲಿರುವ ಹದ ಆಕೆಯೊಡನೆ ಹೋದರೆ ಅದಕ್ಕೆ ಅಂಗಡಿಯಲ್ಲಿ ಪ್ರತಿನಿಧಿಯಿಲ್ಲ. ಆದುದರಿಂದ ಹಬ್ಬವಲ್ಲದ ಒಂದು ಭಾನುವಾರ, ತಾಯಿಯನ್ನು ಕುರ್ಚಿಯ ಮೇಲೆ ಕೂರಿಸಿ, ಅವರು ಹೇಳಿದಂತೆ ಹೂರಣವನ್ನು ರುಬ್ಬಲಿ. ರುಬ್ಬತಕ್ಕವನು ಅವನೇ, ಸೊಸೆಯ ಹೆಸರನ್ನು ನಾನು ಹೇಳಲಿಲ್ಲವೆಂಬುದನ್ನು ಅವನು ಗಮನಿಸಬೇಕು.

ಮುಂದಿನ ತಿಥಿಗೆ ನಮ್ಮ ಪುರೋಹಿತರನ್ನು ಮುದ್ದೆಯ ವಿಷಯ ಕೇಳಿದೆ. ಶ್ರಾದ್ಧದ ಎಲೆಗೆ ನಮ್ಮ ಮನೆಯ ಸಂಪ್ರದಾಯದಲ್ಲಿ ರಾಗಿಯಿಲ್ಲ, ಹೊಸದಾಗಿ ಸೇರಿಸುವುದು ಬೇಡವೆಂದರು. ನಾನು ವಾದಿಸಲಿಲ್ಲ. ತಿಥಿ ಯಥಾವಿಧಿಯಾಗಿ ಮುಗಿಯಿತು. ಮಾರನೆಯ ದಿನ ಮಗಳು ಒಬ್ಬಟ್ಟಿನ ಸಾರನ್ನು ಮಾಡಿ ಇಂಗಿಸಿದಳು. ಮುದ್ದೆಯನ್ನು ನಾನು ತಿರುವಿದೆ. ಗಂಟುಗಂಟಾಯಿತು. ಹಿತ್ತಲ ಬಾಗಿಲಲ್ಲಿ ಒಂದು ಎಲೆ ಹಾಕಿ, ಪಕ್ಕದಲ್ಲಿ ನಾವಿಬ್ಬರೂ ಕುಳಿತೆವು. ಮುದ್ದೆಯನ್ನು ಅಗಿಯದೆ ನುಂಗಬೇಕೆಂದು ಮಗಳು ಎರಡು ಸಲ ಹೇಳಿಕೊಡಬೇಕಾಯಿತು.